ಪಾರ್ಕಿನ ದಾರಿಯಲ್ಲಿ ಸಿಕ್ಕ ಬೆಂಡೋಲೆ

“ಅಕ್ಕಾ, ಸ್ವಲ್ಪ ಇಲ್ಲಿ ನೋಡಿ” ಅಂತ ಪಕ್ಕದ ಮನೆಯಾಕೆ ಕಾಂಪೌಂಡ್ ಮೇಲಿಂದ ಅಂಗೈ ಚಾಚಿದಳು. ಏಳು ಕಲ್ಲಿನ ಒಂಟಿ ಬೆಂಡೋಲೆ. ಚೆಲುವಾಂಬ ಪಾರ್ಕಿನಿಂದ ವಾಪಸ್ಸು ಬರುವಾಗ ಸಿಕ್ಕಿತಂತೆ. ತಿರುಪು ಇಲ್ಲ. ಹಿಂದಿನ ಕಡ್ಡಿಗೆ ದಾರ ಸುತ್ತಿದೆ. ಮರೆ ಸವೆದು ತಿರುಪು ಸಡಿಲವಾದರೆ ನಮ್ಮ ತಾಯಂದಿರು ಹೀಗೇ ಸುತ್ತಿಕೊಳ್ಳುತ್ತಿದ್ದರು. ವರ್ಷಗಟ್ಟಲೆ ಒಂದೇ ಕಿವಿಯಲ್ಲಿದ್ದ ಒಡವೆ ಇದು.

“ನಮ್ಮತ್ತೆ ಬೈತಿದಾರೆ. ಬಿದ್ದ ಚಿನ್ನ ಮುಟ್ಟಬಾರದಿತ್ತಂತೆ, ಇದ್ದಲ್ಲೇ ಇಟ್ಟು ಬಾ ಅಂತಾರೆ.”

ಅತ್ತೆಯ ಮಾತನ್ನು ಸುಮ್ಮನೆ ತಳ್ಳಿಹಾಕಲು ನನಗೆ ಮನಸ್ಸು ಬರಲಿಲ್ಲ. ದಾರಿಯಲ್ಲಿ ಹೊನ್ನೋ ವಸ್ತ್ರವೋ ಬಿದ್ದಿದ್ದರೂ ಕೈಯಿಂದ ಎತ್ತುವುದಿಲ್ಲ ಅಂತ ಹನ್ನೆರಡನೇ ಶತಮಾನದ ಶರಣೆ ಸತ್ಯಕ್ಕ ವಚನದಲ್ಲಿ ಆಣೆ ಇಟ್ಟಿದ್ದಾಳೆ. ಆಸೆ ಹುಟ್ಟುವ ಮೊದಲೇ ಬಾಗಿಲು ಹಾಕಿಕೊಂಡ ಗಟ್ಟಿ ಹೆಂಗಸು. ಆದರೆ ನಾವು ಮುಟ್ಟದೆ ಬಂದರೆ ನಮ್ಮ ಕೈ ಚೊಕ್ಕಟವಾಗಿರುತ್ತದೆ, ಅಷ್ಟೇ; ಕಳಕೊಂಡವಳಿಗೆ ಓಲೆ ಸಿಗುವುದಿಲ್ಲ. “ಎತ್ತಿಕೊಂಡದ್ದೇ ಒಳ್ಳೇದಾಯ್ತು ಕಣಮ್ಮ, ಈಗ ಅದು ನಿನ್ನ ಜವಾಬ್ದಾರಿ” ಅಂದೆ.

ಕಾನೂನೂ ಹೀಗೇ ಹೇಳುತ್ತದೆ. ಸಿಕ್ಕಿದ್ದನ್ನು ವಶಕ್ಕೆ ತೆಗೆದುಕೊಂಡವರು ಇನ್ನೊಬ್ಬರ ಸ್ವತ್ತನ್ನು ಕಾಪಾಡುವವರ ಹಾಗೇ ಜೋಪಾನ ಮಾಡಬೇಕು ಅನ್ನುತ್ತದೆ 1872ರ ಕರಾರು ಕಾಯಿದೆ. ಹಳೆಯ ದಂಡಸಂಹಿತೆಯ 403ನೇ ಕಲಮಿನಲ್ಲಿ ಒಂದು ಉಂಗುರದ ಉದಾಹರಣೆಯೇ ಇತ್ತು: ಬೆಲೆಬಾಳುವ ಉಂಗುರ ಸಿಕ್ಕವನು ಯಾರದೆಂದು ವಿಚಾರಿಸದೆ ಕೂಡಲೇ ಮಾರಿಬಿಟ್ಟರೆ ಅಪರಾಧ. ಈಗಿನ ನ್ಯಾಯ ಸಂಹಿತೆಯ 314ನೇ ಕಲಮೂ ಅದನ್ನೇ ಉಳಿಸಿಕೊಂಡಿದೆ. ಎತ್ತಿದ್ದು ತಪ್ಪಲ್ಲ, ಹುಡುಕದೇ ಇದ್ದದ್ದು ತಪ್ಪು. ಈ ವಿವೇಕ ನನಗೆ ಬಹಳ ಹಿಡಿಸುತ್ತದೆ.

“ನಮ್ಮೆಜಮಾನ್ರು, ಸಿಕ್ಕವರಿಗೂ ಒಂದು ಪಾಲು ಇರುತ್ತೆ ಅಂದ್ರು.”

ಪಾಲಿನ ಮಾತು ಹಳೆಯದೇ. ನಮ್ಮ ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ನಿಧಿ ಪತ್ತೆ ಮಾಡಿದವನಿಗೆ ಆರನೇ ಒಂದು ಪಾಲು ಇದೆ. ಆದರೆ ಅದು ವಾರಸುದಾರರು ಇಲ್ಲದ, ನೆಲದಡಿಯ ನಿಧಿಯ ಮಾತು. ತಾತ ಮುತ್ತಾತಂದಿರದ್ದು ಅಂತ ರುಜುವಾತು ಮಾಡಿದವನಿಗೆ ಕೌಟಿಲ್ಯನೂ ಪೂರ್ತಿ ಬಿಟ್ಟುಕೊಡುತ್ತಾನೆ. ಈ ಓಲೆಯಾದರೋ ಈಗಷ್ಟೇ ಯಾರದೋ ಕಿವಿಯಿಂದ ಜಾರಿದ್ದು. ಆಕೆ ಈಗ ರಸ್ತೆಯುದ್ದಕ್ಕೂ ಬಗ್ಗಿ ನೋಡುತ್ತಾ ಬರುತ್ತಿರಬಹುದು.

“ಯಾರೂ ಬರದೇ ಹೋದ್ರೆ?”

“ಬರಲ್ಲ ಅಂತ ಈಗಲೇ ಯಾಕೆ ಅಂದ್ಕೋತೀಯ? ಅಲ್ಲೀವರೆಗೂ ಕಿವಿಗೆ ಮಾತ್ರ ಇಟ್ಟು ನೋಡಬೇಡ. ಒಂದು ಸಲ ಇಟ್ಟರೆ ಕೊಡೋಕೆ ಕೈ ಬರಲ್ಲ. ಪಾರ್ಕಿನ ಗೇಟಲ್ಲಿ ‘ಓಲೆ ಸಿಕ್ಕಿದೆ’ ಅಂತಷ್ಟೇ ಬರೆದು ಅಂಟಿಸು. ಎಷ್ಟು ಕಲ್ಲು, ದಾರ ಯಾವ ಬಣ್ಣ, ಯಾರ ಹತ್ರಾನೂ ಬಾಯಿ ಬಿಡಬೇಡ. ಕೇಳಿಕೊಂಡು ಬಂದವರು ಅವರೇ ಹೇಳಲಿ. ಓಲೇನ ಮನೇಲಿ ಇಟ್ಕೋಬೇಡ, ಠಾಣೆಗೆ ಕೊಟ್ಟು ರಸೀತಿ ತಗೊಳ್ಳೋಣ. ಇರು, ಚಪ್ಪಲಿ ಹಾಕ್ಕೊಂಡು ನಾನೂ ಬಂದೆ.”