ಜೂನಿಗೆ ಬರುತ್ತೇನೆಂದ ಮಹಾಶಯ

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಬೇಸಿಗೆಗೆ ಸ್ನೇಹಿತರ ಮನೆಗೆ ಹೋಗುವ ಮಹಾಶಯ ಫೆಬ್ರವರಿಯಲ್ಲೇ ಹೊರಟುಬಿಡುತ್ತಾನೆ. ಮೊದಲು ಹೊರಡುವುದು ಅವನ ಕಾಗದ. ಕಿಟಕಿಯಾಚೆ ಹಿಮ ಬೀಳುತ್ತಿರುತ್ತದೆ. ಒಳಗೆ ಅವನು ಬೆಂಕಿಗೂಡಿಗೆ ಕಾಲು ಚಾಚಿ, ಹೆಬ್ಬಾತಿನ ಗರಿಯ ಲೇಖನಿಯನ್ನು ಹೆರೆಯುತ್ತ ಜೂನ್ ತಿಂಗಳನ್ನು ಹವಣಿಸುತ್ತಿರುತ್ತಾನೆ. ವಯಸ್ಸು ನಲವತ್ತೈದರ ಆಸುಪಾಸು. ಮದುವೆಯಾಗಿಲ್ಲ. ವರಮಾನ ಸ್ವಂತ ಸಾರೋಟು ಇಟ್ಟುಕೊಳ್ಳುವಷ್ಟಿಲ್ಲ, ಸಾರೋಟು ಇದ್ದವರ ಸ್ನೇಹ ಇಟ್ಟುಕೊಳ್ಳುವಷ್ಟಿದೆ. ಅವನು ಪಾದ್ರಿಯಾಗಿರಬಹುದು, ಕವಿಯಾಗಿರಬಹುದು, ಯಾರದೋ ಎರಡನೆಯ ಮಗನಾಗಿರಬಹುದು. ಆಸ್ತಿಯೆಲ್ಲ ಮೊದಲ ಮಗನಿಗೆ ಹೋಗುವ ದೇಶದಲ್ಲಿ ಎರಡನೆಯ ಮಗನಿಗೆ ಉಳಿಯುವ ಪಿತ್ರಾರ್ಜಿತವೆಂದರೆ ಪರಿಚಯಸ್ಥರ ಪಟ್ಟಿ.

ಮೊದಲ ಕಾಗದದಲ್ಲಿ ಬರುವ ಮಾತೇ ಇರುವುದಿಲ್ಲ. ಮನೆಯಾತನ ಸಂಧಿವಾತ ಹೇಗಿದೆ, ಮನೆಯಾಕೆಯ ಗುಲಾಬಿ ಗಿಡಗಳು ಚಳಿಗೆ ಉಳಿದವೇ ಎಂದು ವಿಚಾರಿಸುತ್ತಾನೆ. ಲಂಡನ್ನಿನ ಹೊಗೆ ಈ ಸಲ ಎದೆಗೆ ಹಿಡಿದಿದೆಯೆಂದೂ, ವೈದ್ಯರು ಹಳ್ಳಿಯ ಗಾಳಿ ಬೇಕೆನ್ನುತ್ತಾರೆಂದೂ ಕೊನೆಗೊಂದು ಸಾಲು ಸೇರಿಸುತ್ತಾನೆ. ಯಾವ ಹಳ್ಳಿ ಎಂದು ಮಾತ್ರ ಬರೆಯುವುದಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಬರೆದ ಈ ಕಾಗದವನ್ನು ಮನೆಯವರು ಸರಿಯಾಗಿ ಅರ್ಥಮಾಡಿಕೊಂಡು “ಬನ್ನಿ” ಎಂದರೆ, ಅಷ್ಟರ ಮಟ್ಟಿಗೆ ಅವನು ತಾನಾಗಿ ಬಂದವನಲ್ಲ, ಕರೆದದ್ದಕ್ಕೆ ಬಂದವನು.

ಇನ್ನೊಂದು ಸೌಕರ್ಯವೂ ಇತ್ತು. ಆ ಕಾಲದಲ್ಲಿ ಅಂಚೆಯ ಹಣವನ್ನು ಸಾಮಾನ್ಯವಾಗಿ ಕೊಡಬೇಕಾದವನು ಕಾಗದ ಪಡೆದವನು. ದೂರ ಹೆಚ್ಚಿದರೆ ದರ ಹೆಚ್ಚು, ಹಾಳೆ ಹೆಚ್ಚಿದರೆ ಮತ್ತೂ ಹೆಚ್ಚು. ಅಂದರೆ, ತಾನು ಉಣ್ಣಲು ಬರುತ್ತೇನೆಂದು ತಿಳಿಸುವ ಖರ್ಚನ್ನೂ ಉಣಿಸುವವನೇ ಹೊರಬೇಕು. ಸಂಕೋಚವಿದ್ದವರು ಒಂದೇ ಹಾಳೆಯಲ್ಲಿ ಅಕ್ಷರಗಳನ್ನು ಒತ್ತೊತ್ತಿ ಬರೆಯುತ್ತಿದ್ದರು. ಪಾರ್ಲಿಮೆಂಟಿನ ಸದಸ್ಯರ ಪರಿಚಯವಿದ್ದವರಿಗೆ ಆ ಸಂಕೋಚದ ಅಗತ್ಯವೂ ಇರಲಿಲ್ಲ. ಸದಸ್ಯರ ಸಹಿಯಿದ್ದ ಕಾಗದಕ್ಕೆ ಅಂಚೆಹಣವಿಲ್ಲ. ಅವರು ಖಾಲಿ ಹಾಳೆಗಳಿಗೆ ಸಹಿ ಹಾಕಿ ಗೆಳೆಯರಿಗೆ ಹಂಚುತ್ತಿದ್ದರು. ಇದು ಅತಿಯಾದಾಗ ಸರಕಾರ 1764ರಲ್ಲಿ ವಿಳಾಸವನ್ನೂ ಸದಸ್ಯರೇ ಬರೆಯಬೇಕೆಂದಿತು, 1784ರಲ್ಲಿ ತಾರೀಖನ್ನೂ ಬರೆಯಬೇಕೆಂದಿತು. ಹೀಗೆ ದೇಶದ ಶಾಸನಕರ್ತರು ಒಂದಷ್ಟು ಹೊತ್ತು ಸ್ನೇಹಿತರ ಗುಮಾಸ್ತರಾದರು.

ಇನ್ನು ದಿನ ಗೊತ್ತುಮಾಡಬೇಕು. ಅಧಿವೇಶನ ಮುಗಿದು ದೊಡ್ಡವರು ಲಂಡನ್ ಬಿಟ್ಟು ಹಳ್ಳಿ ಬಂಗಲೆ ಸೇರುವ ತನಕ ಕಾಯಬೇಕು. ಸೆಪ್ಟೆಂಬರ್ 1ಕ್ಕೆ ಕೌಜುಗದ ಬೇಟೆ ಶುರುವಾಗುತ್ತದೆ. ಆಮೇಲೆ ಮನೆ ತುಂಬ ಕೋವಿ, ನಾಯಿ, ಕೆಸರಿನ ಬೂಟು. ಬೇಟೆಯಾಡಲು ಬಾರದವನಿಗೆ ಆಗ ಬೆಲೆಯಿಲ್ಲ. ನಡುವಿನ ಎರಡು ಮೂರು ತಿಂಗಳಲ್ಲೇ ಎಲ್ಲ ಹೊಂದಿಸಬೇಕು. ಅಲ್ಲಿಗೂ ಮುಗಿಯಲಿಲ್ಲ, ಪಂಚಾಂಗ ತೆಗೆದು ಹುಣ್ಣಿಮೆ ಯಾವಾಗ ಎಂದು ನೋಡಬೇಕು. ಇದು ಶಾಸ್ತ್ರದ ಮಾತಲ್ಲ. ಹಳ್ಳಿದಾರಿಯಲ್ಲಿ ದೀಪವಿಲ್ಲ, ರಾತ್ರಿ ಊಟ ಮುಗಿಸಿ ಪಕ್ಕದೂರಿನಿಂದ ಮರಳುವ ಸಾರೋಟಿಗೆ ಚಂದ್ರನೇ ಗತಿ. ಉಗಿಯಂತ್ರದ ಜೇಮ್ಸ್ ವಾಟ್, ಕಾರ್ಖಾನೆಯ ಮ್ಯಾಥ್ಯೂ ಬೌಲ್ಟನ್, ವೈದ್ಯ ಇರಾಸ್ಮಸ್ ಡಾರ್ವಿನ್ ಮುಂತಾದ ಬುದ್ಧಿವಂತರು ಬರ್ಮಿಂಗ್‌ಹ್ಯಾಮಿನಲ್ಲಿ ಕಟ್ಟಿಕೊಂಡ ಕೂಟ ಸೇರುತ್ತಿದ್ದುದೂ ಹುಣ್ಣಿಮೆಗೆ ಹತ್ತಿರದ ಸೋಮವಾರ. ಕೂಟಕ್ಕೆ ‘ಲೂನಾರ್ ಸೊಸೈಟಿ’ ಎಂಬ ಹೆಸರೇ ಬಿತ್ತು.

ಚಂದ್ರನನ್ನು ಪೂರ್ತಿ ನಂಬುವಂತೆಯೂ ಇಲ್ಲ. ಪ್ರಧಾನಿಯ ಮಗ ಹೊರೇಸ್ ವಾಲ್ಪೋಲ್ 1749ರ ನವೆಂಬರಿನಲ್ಲಿ ಹಾಲೆಂಡ್ ಹೌಸಿನಿಂದ ಬೆಳದಿಂಗಳಲ್ಲೇ ಮನೆಗೆ ಬರುತ್ತಿದ್ದಾಗ ಹೈಡ್ ಪಾರ್ಕಿನಲ್ಲಿ ದರೋಡೆಕೋರರು ಅಡ್ಡಹಾಕಿದರು. ಜೇಮ್ಸ್ ಮೆಕ್ಲೇನ್ ಎಂಬವನ ಪಿಸ್ತೂಲು ತಾನಾಗಿ ಹಾರಿ ಗುಂಡು ವಾಲ್ಪೋಲನ ಕಣ್ಣಿನ ಕೆಳಗೆ ಸವರಿಕೊಂಡು ಹೋಯಿತು. ಮೆಕ್ಲೇನ್ ಪಾದ್ರಿಯ ಮಗ, ಮರ್ಯಾದಸ್ಥ. ಕದ್ದ ಮಾಲಿನ ಬಗ್ಗೆ ಆಮೇಲೆ ವಿನಯವಾಗಿ ಕಾಗದ ಬರೆದ. ಮರುವರ್ಷ ಅವನನ್ನು ಗಲ್ಲಿಗೇರಿಸಿದರು. ನಮ್ಮ ಮಹಾಶಯ ಈ ಕಥೆಯನ್ನು ಪ್ರತಿ ಮನೆಯಲ್ಲೂ ಹೇಳುತ್ತಾನೆ, ಹೇಳುವಾಗ ತನ್ನ ಕಣ್ಣಿನ ಕೆಳಗೆ ಬೆರಳಿಡುತ್ತಾನೆ.

ದಾರಿಯ ಸುದ್ದಿ ಬಂದರೆ ಅವನ ಮುಖ ಇಳಿಯುತ್ತದೆ. ಕೃಷಿ ಲೇಖಕ ಆರ್ಥರ್ ಯಂಗ್ 1770ರಲ್ಲಿ ಅಚ್ಚುಹಾಕಿಸಿದ ಉತ್ತರ ಇಂಗ್ಲೆಂಡಿನ ಪ್ರವಾಸ ಪುಸ್ತಕವನ್ನು ಅವನು ಓದಿದ್ದಾನೆ, ಓದಬಾರದಿತ್ತು. ವಿಗನ್ನಿನ ಸುಂಕದ ರಸ್ತೆಯಲ್ಲಿ ಯಂಗ್ ಗಾಡಿಜಾಡಿನ ಆಳ ಅಳೆದು ನೋಡಿದ: 4 ಅಡಿ. 18 ಮೈಲಿಯಲ್ಲಿ ಮೂರು ಗಾಡಿ ಮುರಿದು ಬಿದ್ದಿದ್ದವು. ಸುಂಕದ ಕಟ್ಟೆಯಲ್ಲಿ ಹಣ ಕೊಟ್ಟು ಹಳ್ಳಕ್ಕೆ ಬೀಳುವ ಈ ಏರ್ಪಾಡಿನ ಬಗ್ಗೆ ಹೆಚ್ಚು ವಿವರಣೆ ಬೇಡ, ಓದುಗರಿಗೆ ಅನುಭವವಿದೆ. 1784ರ ಆಗಸ್ಟಿನಲ್ಲಿ ಬ್ರಿಸ್ಟಲ್–ಲಂಡನ್ ನಡುವೆ ಜಾನ್ ಪಾಮರನ ಅಂಚೆ ಕೋಚು ಓಡತೊಡಗಿದ ಮೇಲೆ ಒಂದೇ ರಾತ್ರಿಯಲ್ಲಿ ಊರು ಸೇರಬಹುದಾಯಿತು. ಅಂಚೆ ಕೋಚು ಯಾರಿಗೂ ಕಾಯುವುದಿಲ್ಲ. ನಮ್ಮವನೋ ವಿಗ್ಗಿನ ಪೆಟ್ಟಿಗೆ ಸಿಗದೆ ಅರ್ಧ ಗಂಟೆ ತಡಮಾಡುವ ಜಾತಿ. ಕೊನೆಗೆ ಬಾಡಿಗೆಯ ಹಳದಿ ಬಂಡಿ ಹಿಡಿದು, ಹತ್ತು ಹದಿನೈದು ಮೈಲಿಗೊಮ್ಮೆ ಕುದುರೆ ಬದಲಿಸಿ, ಬದಲಿಸಿದಲ್ಲೆಲ್ಲ ಜೇಬು ಸಡಿಲಿಸುತ್ತ ಹೋಗುತ್ತಾನೆ.

ದಾರಿಯಲ್ಲಿ ತಂಗುವ ಛತ್ರಗಳ ಸುಖವನ್ನು ಪಾದ್ರಿ ಜೇಮ್ಸ್ ವುಡ್‌ಫೋರ್ಡನ ದಿನಚರಿಯಲ್ಲಿ ನೋಡಬೇಕು. ಈ ಪುಣ್ಯಾತ್ಮ ನಾರ್ಫಕ್‌ನ ತನ್ನ ಚರ್ಚಿನಿಂದ ಆಗಾಗ ಬೇಸಿಗೆಯಲ್ಲಿ ಜೊತೆಗಿದ್ದ ಅಣ್ಣನ ಮಗಳು ನ್ಯಾನ್ಸಿಯನ್ನು ಕರೆದುಕೊಂಡು ಸಾಮರ್ಸೆಟ್‌ನ ನೆಂಟರ ಮನೆಗೆ ಹೋಗುತ್ತಿದ್ದ. ತಿಂದದ್ದನ್ನೂ ತೆತ್ತದ್ದನ್ನೂ ಒಂದೂ ಬಿಡದೆ ಬರೆಯುತ್ತಿದ್ದ. 1786ರ ಜೂನಿನಲ್ಲಿ ಲಂಡನ್ನಿನ ಬೆಲ್ ಸ್ಯಾವೇಜ್ ಛತ್ರದಲ್ಲಿ ತಂಗಿದಾಗ ತಿಗಣೆಗಳು ಅವನನ್ನೇ ತಿಂದವು. ಒಂದು ರಾತ್ರಿ ಬಟ್ಟೆ ಬಿಚ್ಚದೆ, ಕಾಲನ್ನು ಹಾಸಿಗೆಯ ಮೇಲಿಟ್ಟು ದೊಡ್ಡ ಕುರ್ಚಿಯಲ್ಲೇ ಕುಳಿತ. ಇನ್ನೊಂದು ದಿನ ಬೆಳಗಿನ ನಾಲ್ಕಕ್ಕೆ ಎದ್ದು ತಿಂಡಿಯ ಹೊತ್ತಿನವರೆಗೆ ಊರು ಸುತ್ತಿದ. ಅಷ್ಟಾದರೂ ಲಂಡನ್ನಿಗೆ ಹೋದಾಗಲೆಲ್ಲ ಛತ್ರದ ಹಾಸಿಗೆಯೇ ಗತಿ. ಸೆಲ್ಬೋರ್ನ್‌ನ ಪ್ರಕೃತಿ ಲೇಖಕ ಗಿಲ್ಬರ್ಟ್ ವೈಟನಿಗೆ ಬಂಡಿ ಹತ್ತಿದರೆ ಹೊಟ್ಟೆ ತೊಳಸುತ್ತಿತ್ತು, ಆದರೂ ರಿಂಗ್ಮರ್‌ನ ಅತ್ತೆಯ ಮನೆಗೆ ಹೋಗುವುದನ್ನು ಬಿಡಲಿಲ್ಲ. 1780ರಲ್ಲಿ ಆಕೆ ತೀರಿಕೊಂಡಾಗ, ತೋಟದ ಮಣ್ಣಿನಲ್ಲಿ ಮಲಗಿದ್ದ ಆಕೆಯ ಆಮೆಯನ್ನು ಅಗೆದು ತೆಗೆದು ಬಂಡಿಯಲ್ಲಿ 80 ಮೈಲಿ ಕುಲುಕಾಡಿಸಿಕೊಂಡು ಊರಿಗೆ ತಂದ. ವರ್ಷಗಟ್ಟಲೆ ಹೋಗಿಬಂದದ್ದಕ್ಕೆ ಆಮೆಯಾದರೂ ದಕ್ಕಿತು.

ಯೋಜನೆ ಹಾಕುವವನು ಅತಿಥಿ ಒಬ್ಬನೇ ಎಂದುಕೊಂಡರೆ ತಪ್ಪು. ಕರೆಯುವವರಲ್ಲೂ ಇದೇ ಜಾತಿ ಉಂಟು, ಅವರಲ್ಲಿ ಕವಿ ವಿಲಿಯಂ ಕೂಪರನಿಗೆ ಅಗ್ರಪೀಠ. ಓಲ್ನಿ ಎಂಬ ಸಣ್ಣ ಊರಿನಲ್ಲಿ ವಿಧವೆ ಮೇರಿ ಅನ್ವಿನ್ ಜೊತೆ ಒಂದೇ ಮನೆಯಲ್ಲಿದ್ದ ಈ ಅಂಜುಬುರುಕ, ಚಿಕ್ಕಪ್ಪನ ಮಗಳು ಲೇಡಿ ಹೆಸ್ಕೆತ್‌ಳನ್ನು ನೋಡಿ ಇಪ್ಪತ್ತು ವರ್ಷದ ಮೇಲಾಗಿತ್ತು. 1785ರಲ್ಲಿ ಅವನ ಹೊಸ ಪುಸ್ತಕ ಹೊರಬಂದು ಹೆಸರಾದ ಮೇಲೆ ಆಕೆ ಮತ್ತೆ ಕಾಗದ ಬರೆದಳು, ಬೇಸಿಗೆಗೆ ಬರುತ್ತೇನೆಂದಳು. 1786ರ ಫೆಬ್ರವರಿ 9ರಂದು ಕೂಪರ್ ಉತ್ತರ ಬರೆದ. ಮೇ ಕೊನೆ ಅಥವಾ ಜೂನ್ ಆರಂಭಕ್ಕೆ ಮುನ್ನ ಬರುವಂತಿಲ್ಲ ಎಂಬುದು ಮೊದಲ ಷರತ್ತು. ಕಾರಣ, ತೋಟದ ಗಾಜಿನ ಮನೆಯಲ್ಲಿ ಅಲ್ಲಿಯ ತನಕ ಗಿಡಗಳ ವಾಸ. ಅವು ಆಚೆ ಹೋದ ಮೇಲೆ ಇವರು ಒಳಗೆ. ನೆಲಕ್ಕೂ ಗೋಡೆಗೂ ಚಾಪೆ ಹೊಡೆಸಿ, ಪರಿಮಳದ ಹೂಪಾತಿಯ ಪಕ್ಕದಲ್ಲಿ ಆಕೆಯನ್ನು ಕೂರಿಸುವುದು ಯೋಜನೆ.

ಆಮೇಲೆ ಅವನು ಆಕೆಯನ್ನು ಕಾಗದದಲ್ಲೇ ಮನೆಯೊಳಗೆ ನಡೆಸಿಕೊಂಡು ಹೋಗುತ್ತಾನೆ. ಬಾಗಿಲು ದಾಟಿದರೆ ಬಲಕ್ಕೆ ಅವನೇ ಮಾಡಿದ ಪೆಟ್ಟಿಗೆ. ಅದರಲ್ಲಿ ಸಾಕುಮೊಲ ಪಸ್. ಮುದಿಯಾಗಿದೆ, ನೀನು ಬರುವುದರೊಳಗೆ ಸಾಯುವ ಲಕ್ಷಣವಿದೆ ಎಂದು ಮುನ್ಸೂಚನೆಯನ್ನೂ ಕೊಡುತ್ತಾನೆ. ಪಕ್ಕದಲ್ಲಿ ಪಾರಿವಾಳದ ಗೂಡಾಗಿದ್ದು ಬೀರುವಾಗಿ ಬಡ್ತಿ ಪಡೆದ ಇನ್ನೊಂದು ಸ್ವಂತ ಕೃತಿ. ಎದುರಿಗೊಂದು ಮೇಜು, ಅದೂ ಸ್ವಹಸ್ತದ್ದೇ. ಕೆಲಸದಾಕೆ ಉಜ್ಜಿ ಉಜ್ಜಿ ಅದರ ಕಾಲುಗಳು ಲಟಪಟ ಎನ್ನುತ್ತಿವೆ, ಆದ್ದರಿಂದ ನೋಡಲಿಕ್ಕೆ ಮಾತ್ರ. ಕೆಳಗೆ ಅವನ ಶುಭ್ರ ಬೂಟುಗಳು. ಎಡಕ್ಕೆ ತಿರುಗಿದರೆ ಕೂರುವ ಕೋಣೆ, ಅಲ್ಲಿ ಮಿಸೆಸ್ ಅನ್ವಿನ್ ಸಿಗುತ್ತಾಳೆ, ನಡುವೆಯೇ ಎದುರಾಗದಿದ್ದರೆ! ನಾಲ್ಕು ತಿಂಗಳು ಮೊದಲೇ, ಬರುವವಳು ಎಲ್ಲಿ ತಿರುಗಬೇಕು, ಏನನ್ನು ನೋಡಿ ಮೆಚ್ಚಬೇಕು, ಯಾವುದಕ್ಕೆ ಒರಗಬಾರದು ಎಂಬುದೆಲ್ಲ ತೀರ್ಮಾನವಾಗಿತ್ತು. ಪಸ್ ಕೂಡ ಯೋಜನೆಯಂತೆ ನಡೆದುಕೊಂಡು ಮಾರ್ಚ್ 9ರ ಮಧ್ಯಾಹ್ನ, ಹನ್ನೊಂದು ವರ್ಷ ಹನ್ನೊಂದು ತಿಂಗಳ ವಯಸ್ಸಿನಲ್ಲಿ ಸತ್ತಿತು. ಕೂಪರ್ ಗಂಟೆ ಸಮೇತ ಬರೆದಿಟ್ಟ.

ಬಂದಿಳಿದ ಮೇಲೆ ಮಹಾಶಯನ ಸ್ವಭಾವ ಬದಲಾಗುತ್ತದೆ. ಅಲ್ಲಿಯ ತನಕ ಹೋಗುವುದು ಹೇಗೆ ಎಂದು ಒದ್ದಾಡಿದವನು ಈಗ ಹೊರಡುವ ಮಾತೇ ಆಡುವುದಿಲ್ಲ. ಅಷ್ಟು ದೂರ, ಅಷ್ಟು ಖರ್ಚು; ಎರಡು ದಿನಕ್ಕೆ ಯಾರು ಬರುತ್ತಾರೆ? ವಾರಗಳು ಉರುಳುತ್ತವೆ. ಈ ವಿದ್ಯೆಯಲ್ಲಿ ಡಾಕ್ಟರ್ ಸ್ಯಾಮ್ಯುಯೆಲ್ ಜಾನ್ಸನ್ನನನ್ನು ಮೀರಿಸಿದವರಿಲ್ಲ. ಸ್ಟ್ರೆಥಮ್‌ನಲ್ಲಿ ಬಿಯರ್ ಉದ್ಯಮಿ ಹೆನ್ರಿ ಥ್ರೇಲ್ ಮನೆಯಲ್ಲಿ ಅವನಿಗೆಂದೇ ಒಂದು ಕೋಣೆ. ರಾತ್ರಿ ಮಲಗಲು ಒಲ್ಲದ ಅವನಿಗಾಗಿ ಮನೆಯಾಕೆ ಹೊತ್ತು ಮೀರಿ ಚಹಾ ಬಗ್ಗಿಸುತ್ತ ಕೂರಬೇಕಿತ್ತು. ಕಣ್ಣು ಮಂದವಾದ್ದರಿಂದ ಓದುವಾಗ ಮೋಂಬತ್ತಿಗೆ ಬಾಗಿ ವಿಗ್ಗಿನ ಮುಂಭಾಗ ಸುಟ್ಟುಕೊಳ್ಳುತ್ತಿದ್ದ. ಹಾಗಾಗಿ ಊಟದ ಗಂಟೆ ಬಾರಿಸಿದಾಗ ಬಾಗಿಲಲ್ಲಿ ಆಳೊಬ್ಬ ಒಳ್ಳೆಯ ವಿಗ್ಗು ಹಿಡಿದು ನಿಂತಿರುತ್ತಿದ್ದ. ಲಿಂಕನ್‌ಶೈರಿನ ಲ್ಯಾಂಗ್ಟನ್ ಮನೆತನದ ಅತಿಥಿಯಾಗಿದ್ದಾಗ, ಐವತ್ತು ದಾಟಿದ ಆ ಭಾರೀ ದೇಹದ ನಿಘಂಟುಕಾರ, ಗುಡ್ಡದ ಮೇಲೆ ನಿಂತು ಜೇಬಿನ ಕೀಲಿ, ಚಾಕು, ಹಣದ ಚೀಲ ಎಲ್ಲ ತೆಗೆದಿಟ್ಟು, ಉರುಳಿಕೊಂಡೇ ಕೆಳಗಿಳಿದನೆಂದು ಹೇಳುತ್ತಾರೆ. ಇಂಥ ಅತಿಥಿ ಮನೆಗೆ ಶೋಭೆ. ನಮ್ಮ ಮಹಾಶಯನಿಗೆ ಉರುಳುವ ಧೈರ್ಯವಿಲ್ಲ, ನಿಘಂಟು ಬರೆದಿಲ್ಲ. ಇಸ್ಪೀಟಿಗೆ ನಾಲ್ಕನೆಯ ಕೈಯಾಗಿ ಹೊಟ್ಟೆ ಹೊರೆಯುತ್ತಾನೆ.

ಅತಿಥಿಗಳ ಕಾಟಕ್ಕೆ ನಿಯಮ ಅಚ್ಚುಹಾಕಿಸಿದವನು ಮತ್ತದೇ ವಾಲ್ಪೋಲ್. ಟ್ವಿಕನ್‌ಹ್ಯಾಮಿನಲ್ಲಿ ಕೋಟೆಯಂತೆ ಕಟ್ಟಿಸಿದ ‘ಸ್ಟ್ರಾಬೆರಿ ಹಿಲ್’ ನೋಡಲು ಜನ ಮುಗಿಬಿದ್ದಾಗ, ಚೀಟಿ ಇದ್ದವರಿಗೆ ಮಾತ್ರ, ದಿನಕ್ಕೆ ಒಂದೇ ತಂಡ, ತಂಡಕ್ಕೆ ನಾಲ್ಕೇ ಜನ, ಮಕ್ಕಳು ಬೇಡ ಎಂದು ನಿಯಮ ಹಾಕಿದ. ಮನೆ ತೋರಿಸುವ ಮೇಲ್ವಿಚಾರಕಿಗೆ ಸಿಗುವ ಭಕ್ಷೀಸು ನೋಡಿ, ಅವಳನ್ನೇ ಮದುವೆಯಾದರೆ ಲಾಭ ಎಂದು ತಮಾಷೆ ಮಾಡಿದ.

ಭಕ್ಷೀಸು! ಇಡೀ ಯೋಜನೆಯಲ್ಲಿ ಮಹಾಶಯನ ನಿದ್ದೆ ಕೆಡಿಸುವ ಬಾಬು ಇದೊಂದೇ. ಹೊರಡುವ ದಿನ ಆಳುಗಳು ಸಾಲಾಗಿ ನಿಲ್ಲುತ್ತಾರೆ. ಕೋಟು ಕೊಟ್ಟವನು, ಟೋಪಿ ಕೊಟ್ಟವನು, ಕುದುರೆ ಹಿಡಿದವನು, ಬರೀ ನಗು ಕೊಟ್ಟವನು, ಎಲ್ಲರ ಕೈಯೂ ಬಿಸಿಯಾಗಬೇಕು. ಊಟ ಬಿಟ್ಟಿ, ಬಾಗಿಲು ದಾಟುವುದಕ್ಕೆ ಸುಂಕ. ಡ್ಯೂಕ್ ಆಫ್ ನ್ಯೂಕಾಸಲ್ ಮನೆಯ ಊಟ ಮುಗಿಸಿ ಹೊರಟ ಸರ್ ಟಿಮೊಥಿ ವಾಲ್ಡೊ ಕೊನೆಗೆ ಅಡಿಗೆಯವನ ಕೈಗೆ ಒಂದು ಕ್ರೌನ್ ಬೆಳ್ಳಿ ನಾಣ್ಯ ಇಟ್ಟಾಗ, ತಾನು ಬೆಳ್ಳಿ ಮುಟ್ಟುವುದಿಲ್ಲವೆಂದು ಅವನು ಹಿಂದಿರುಗಿಸಿದನಂತೆ. ತಾನು ಚಿನ್ನ ಕೊಡುವುದಿಲ್ಲವೆಂದು ಹೇಳಿ ವಾಲ್ಡೊ ನಾಣ್ಯವನ್ನು ಜೇಬಿಗೆ ಹಾಕಿಕೊಂಡು ನಡೆದ. ಈ ಪದ್ಧತಿಯ ಮೇಲೆ ಲೇಖನಿಯೆತ್ತಿದವನು ಜೋನಸ್ ಹ್ಯಾನ್ವೆ. ಲಂಡನ್ನಿನಲ್ಲಿ ಗಂಡಸಾಗಿ ಕೊಡೆ ಹಿಡಿದು ನಗೆಪಾಟಲಾದವನು, ಚಹಾ ಕುಡಿಯಬೇಡಿ ಎಂದು ಬರೆದು ಜಾನ್ಸನ್ನನಿಂದ ತಪರಾಕಿ ತಿಂದವನು. ಭಕ್ಷೀಸು ನಿಲ್ಲಿಸುವ ಮಾತು ಬಲವಾದಾಗ 1764ರಲ್ಲಿ ಆಳುಗಳು ಲಂಡನ್ನಿನ ರಾನೆಲಾ ಉದ್ಯಾನದಲ್ಲಿ ಗಲಭೆಯನ್ನೇ ಎಬ್ಬಿಸಿದರು.

ಗಲಭೆಯಾಗಿ ಮೂವತ್ತೆರಡು ವರ್ಷ ಕಳೆದರೂ ಸಮಸ್ಯೆ ಇದ್ದಲ್ಲೇ ಇತ್ತು. 1796ರ ಸೆಪ್ಟೆಂಬರಿನಲ್ಲಿ ಕೆಂಟ್ ಪ್ರಾಂತದ ಅಣ್ಣನ ಮನೆಯಲ್ಲಿದ್ದ ಇಪ್ಪತ್ತು ವರ್ಷದ ಜೇನ್ ಆಸ್ಟಿನ್, ಹೊರಡುವಾಗ ಕೆಲಸದಾಕೆಗೆ ಅರ್ಧ ಗಿನಿ ಕೊಡಲೋ ಐದು ಶಿಲಿಂಗ್ ಸಾಕೋ ಎಂದು ಅಕ್ಕ ಕಸಾಂಡ್ರಾಗೆ ಬರೆದು ಸಲಹೆ ಕೇಳಿದಳು. ಅರ್ಧ ಗಿನಿಯೆಂದರೆ ಹತ್ತೂವರೆ ಶಿಲಿಂಗ್; ಎರಡರಲ್ಲಿ ಯಾವುದು ಹೆಚ್ಚು, ನೀನೇ ಹೇಳು ಎಂದು ಚೇಷ್ಟೆಯನ್ನೂ ಸೇರಿಸಿದಳು. ಅವಳ ನಿಜವಾದ ತೊಡಕು ಬೇರೆ: ಮರ್ಯಾದಸ್ಥ ಮನೆಯ ಹುಡುಗಿ ಒಂಟಿಯಾಗಿ ಪ್ರಯಾಣ ಮಾಡುವಂತಿಲ್ಲ. ಅಣ್ಣಂದಿರು ಯಾವಾಗ, ಯಾವ ದಾರಿಯಲ್ಲಿ ಹೊರಡುತ್ತಾರೋ ಅಲ್ಲಿಯ ತನಕ ಪೆಟ್ಟಿಗೆ ಕಟ್ಟಿ ಕೂರಬೇಕು, ಅವರ ಯೋಜನೆ ದಿನಕ್ಕೊಂದು. ಗಂಡಸು ಅತಿಥಿ ಹೊರಡದಿರುವುದು ಇಷ್ಟವಿಲ್ಲದೆ, ಹೆಂಗಸು ಅತಿಥಿ ಹೊರಡದಿರುವುದು ಬಂಡಿಯಿಲ್ಲದೆ.

ಇನ್ನು ಲೇಡಿ ಹೆಸ್ಕೆತ್ ಏನಾದಳು? ಹೇಳಿದ ಮಾತಿಗೆ ತಪ್ಪದೆ ಜೂನಿನಲ್ಲಿ ಬಂದು ಓಲ್ನಿಯ ಪಾದ್ರಿಮನೆಯಲ್ಲಿ ಇಳಿದುಕೊಂಡಳು. ಕೂಪರ್ ಅಷ್ಟು ಬಣ್ಣಿಸಿದ್ದ ಮನೆಯನ್ನು ನೋಡಿದಳು. ಅದು ಮನುಷ್ಯರು ಇರತಕ್ಕ ಜಾಗವಲ್ಲ ಎಂದು ತೀರ್ಮಾನಿಸಿದಳು. ಹತ್ತಿರದ ವೆಸ್ಟನ್ ಅಂಡರ್‌ವುಡ್ ಹಳ್ಳಿಯಲ್ಲಿ ಥ್ರಾಕ್‌ಮಾರ್ಟನ್ ಮನೆತನದ ಒಂದು ಒಳ್ಳೆಯ ಮನೆಯನ್ನು ಬಾಡಿಗೆಗೆ ಗೊತ್ತುಮಾಡಿ, ಅದನ್ನು ಅಣಿಗೊಳಿಸಲು ತಾನೇ ಹಣ ಕೊಟ್ಟಳು. ನವೆಂಬರಿನಲ್ಲಿ ಕೂಪರ್ ಮತ್ತು ಮಿಸೆಸ್ ಅನ್ವಿನ್ ಸಾಮಾನು ಕಟ್ಟಿಕೊಂಡು ಅಲ್ಲಿಗೆ ಹೋದರು. ಬೇಸಿಗೆಗೆ ಬಂದ ನೆಂಟಳು ಮನೆಯವರನ್ನೇ ಮನೆ ಖಾಲಿ ಮಾಡಿಸಿದ ಉದಾಹರಣೆ, ಇಂಗ್ಲಿಷ್ ಕವಿಗಳ ಚರಿತ್ರೆಯಲ್ಲಿ ಬಹುಶಃ ಇದೊಂದೇ.