ಮಾಗಿಯಲ್ಲಿ ಮಂಕಾದ ಹಿತ್ತಿಲಕೋಳಿ: ಒಂದು ಬಹುಶಿಸ್ತೀಯ ಅಧ್ಯಯನ

1. ವ್ಯಾಖ್ಯೆ ಮತ್ತು ವ್ಯಾಪ್ತಿ

ಹಿತ್ತಿಲಕೋಳಿಯ ಮಾಗಿಕಾಲೀನ ಅಸ್ವಾಸ್ಥ್ಯವೆಂದರೆ, ಧನುರ್ಮಾಸ ಮತ್ತು ಶಿವರಾತ್ರಿಗಳ ನಡುವಣ ಕಾಲಘಟ್ಟದಲ್ಲಿ, ಮಲೆನಾಡಿನ ಮನೆಯೊಂದರ ಹಿಂಬದಿಯ ಅವಕಾಶದಲ್ಲಿ, ಬೆಳಗಾದ ಮೇಲೆ ಗೂಡಿನಿಂದ ಹೊರಬರಬೇಕಾದ ಹ್ಯಾಟೆಯೊಂದು ಹೊರಬಾರದೆ ಉಳಿಯುವ ಸ್ಥಿತಿ. ಈ ಸ್ಥಿತಿಯನ್ನು ಜೈವಿಕ, ಸಾಂಸ್ಕೃತಿಕ, ಆರ್ಥಿಕ ಹಾಗೂ ತಾತ್ವಿಕ ನೆಲೆಗಳಲ್ಲಿ ಗ್ರಹಿಸಬಹುದಾಗಿದೆ. ಗ್ರಹಿಸಬೇಕಾದವರು ಯಾರು, ಅವರು ಎಷ್ಟು ಹೊತ್ತಿಗೆ ಏಳಬೇಕು ಎಂಬ ಪ್ರಶ್ನೆಗಳು ಪ್ರಸ್ತುತ ಅಧ್ಯಯನದ ವ್ಯಾಪ್ತಿಗೆ ಹೊರತಾದವು.

2019ರ 20ನೇ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿದ್ದ ಕುಕ್ಕುಟ ಸಂಖ್ಯೆ ಸುಮಾರು 85.18 ಕೋಟಿ. ಇದರಲ್ಲಿ ಹಿತ್ತಿಲಲ್ಲಿ ಸಾಕಿದವು 31.7 ಕೋಟಿ; 2012ರ ಗಣತಿಗೆ ಹೋಲಿಸಿದರೆ ಶೇಕಡ 45ಕ್ಕೂ ಮಿಕ್ಕಿದ ಏರಿಕೆ. ಅಧ್ಯಯನಕ್ಕೆ ಆಯ್ದುಕೊಂಡ ಮಾದರಿಯ ಗಾತ್ರ ಒಂದು. ಪೂರ್ವಕಲ್ಪನೆ: ಕೋಳಿಗೆ ಹುಷಾರಿಲ್ಲ. ಪ್ರತಿಕಲ್ಪನೆ: ಹೇಗೂ ಭಾನುವಾರ ನೆಂಟರು ಬರುತ್ತಾರೆ. ಎರಡನೆಯದಕ್ಕೆ ಮನೆಯೊಳಗೆ ಬೆಂಬಲ ಹೆಚ್ಚಿದ್ದರೂ ಅದನ್ನು ಕೈಗೆತ್ತಿಕೊಂಡರೆ ಅಧ್ಯಯನವು ಅಕಾಲಿಕವಾಗಿ ಮುಕ್ತಾಯಗೊಳ್ಳುತ್ತದೆ. ಕಾಯಿಲೆ ಬಿದ್ದ ಕೋಳಿಯನ್ನು ಸಾರಿಗೆ ಹಾಕುವುದು ಆರೋಗ್ಯದ ದೃಷ್ಟಿಯಿಂದಲೂ ಕೂಡದು.

2. ಸೈದ್ಧಾಂತಿಕ ಚೌಕಟ್ಟು

ಪ್ರಬಂಧವೊಂದಕ್ಕೆ ಚೌಕಟ್ಟು ಇರಲೇಬೇಕೆಂಬುದು ವಿದ್ವತ್ ವಲಯದ ಒಮ್ಮತ. ಕೋಳಿಗೂಡಿಗೆ ಬಾಗಿಲು ಇರಲೇಬೇಕೆಂಬುದು ಕೋಳಿಗಳ ಒಮ್ಮತ, ಅದು ದಾಖಲಾಗಿಲ್ಲ.

ಗರಿಗಳನ್ನು ಉಬ್ಬಿಸಿ, ಬಾಲ ಇಳಿಬಿಟ್ಟು, ಕತ್ತು ಹೆಗಲೊಳಕ್ಕೆ ಎಳೆದುಕೊಂಡು, ಕಣ್ಣು ಅರೆಮುಚ್ಚಿ ಮೂಲೆಯಲ್ಲಿ ನಿಂತ ಹ್ಯಾಟೆಯನ್ನು ಸಂಕಥನ ಸಿದ್ಧಾಂತದ ಹಿನ್ನೆಲೆಯಲ್ಲಿ ಓದಿದರೆ, ಅದು ಗೂಡಿನ ಅಧಿಕಾರ ಕೇಂದ್ರದಿಂದ ಅಂಚಿಗೆ ಸರಿದ ದೇಹವೊಂದರ ಮೌನ ಪ್ರತಿರೋಧವಾಗಿ ಕಾಣುತ್ತದೆ. ಶರೀರವಿಜ್ಞಾನದ ಹಿನ್ನೆಲೆಯಲ್ಲಿ ನೋಡಿದರೆ ಅದಕ್ಕೆ ಚಳಿಯಾಗುತ್ತಿದೆ. ಕೋಳಿಯ ಮೈಯ ಸಹಜ ಉಷ್ಣತೆ 41ರಿಂದ 42 ಡಿಗ್ರಿ ಸೆಲ್ಸಿಯಸ್, ಮನುಷ್ಯರದಕ್ಕಿಂತ ನಾಲ್ಕೈದು ಡಿಗ್ರಿ ಹೆಚ್ಚು. ಹೊರಗೆ 12 ಡಿಗ್ರಿಯ ಇಬ್ಬನಿ ಸುರಿಯುವಾಗ ಈ ಕಾವನ್ನು ಉಳಿಸಿಕೊಳ್ಳಲು ಅದಕ್ಕೆ ಇರುವ ಮುಖ್ಯ ದಾರಿ ಎರಡು: ಗರಿಗಳ ನಡುವೆ ಗಾಳಿಯ ಪದರ ಹಿಡಿದಿಟ್ಟುಕೊಳ್ಳುವುದು, ಹೊಟ್ಟೆ ತುಂಬ ತಿನ್ನುವುದು. ಆರೋಗ್ಯವಂತ ಕೋಳಿ ಒಣಚಳಿಗೆ ಅಂಜುವುದಿಲ್ಲ. ಅದನ್ನು ಕೆಡಿಸುವುದು ಒದ್ದೆ ನೆಲ, ಸಂದಿಯಿಂದ ನುಗ್ಗುವ ಕುಳಿರ್ಗಾಳಿ, ಕೊಳೆತ ಹಿಕ್ಕೆಯಿಂದೇಳುವ ಅಮೋನಿಯದ ಘಾಟು. ಕಾಯಿಲೆ ಬಿದ್ದ ಕೋಳಿ ತಿನ್ನುವುದನ್ನು ಬಿಡುತ್ತದೆ. ತಿನ್ನದಿದ್ದರೆ ಕಾವು ಹುಟ್ಟುವುದಿಲ್ಲ. ಕಾವಿಲ್ಲದೆ ಕಾಯಿಲೆ ಹೆಚ್ಚುತ್ತದೆ.

ಇನ್ನೊಂದು ಸಂಗತಿಯಿದೆ. ಬೇಟೆಗೆ ಸಿಗುವ ಎಲ್ಲ ಪ್ರಾಣಿಗಳಂತೆ ಕೋಳಿಯೂ ತನ್ನ ನಿಶ್ಶಕ್ತಿಯನ್ನು ಆದಷ್ಟು ದಿನ ಮುಚ್ಚಿಡುತ್ತದೆ. ಮಂಕು ಕಣ್ಣಿಗೆ ಬೀಳುವ ಹೊತ್ತಿಗೆ ರೋಗ ಹಳೆಯದಾಗಿರುತ್ತದೆ. ಆದ್ದರಿಂದ ಮುಂಜಾನೆ ನುಚ್ಚು ಚೆಲ್ಲಿದಾಗ ಯಾವ ಕೋಳಿ ಎರಡು ಹೆಜ್ಜೆ ಹಿಂದೆ ಉಳಿಯಿತು ಎಂಬುದನ್ನು ಗುರುತಿಸುವ ಕಣ್ಣೇ ಮೊದಲ ರೋಗಪತ್ತೆ ಉಪಕರಣ. ಆ ಕಣ್ಣು ಸಾಮಾನ್ಯವಾಗಿ ಮನೆಯಾಕೆಯದು. ಅದರ ವೈಧಾನಿಕ ಸಿಂಧುತ್ವವು ಪ್ರಸ್ತುತ ಅಧ್ಯಯನದ ವ್ಯಾಪ್ತಿಗೆ ಹೊರತಾದದ್ದು.

3. ಮಂಕಿನ ಪಂಚವಿಧ ವರ್ಗೀಕರಣ

ಮಂಕು ಐದು ವಿಧ: ಶಿರೋಮಂಕು, ಉದರಮಂಕು, ಅಧೋಮಂಕು, ಸರ್ವಾಂಗಮಂಕು ಮತ್ತು ಮಾಯಾಮಂಕು.

3.1 ಶಿರೋಮಂಕು: ಮುಖ ಊದಿ, ಮೂಗಿನಿಂದ ಕೆಟ್ಟ ವಾಸನೆಯ ಸಿಂಬಳ ಇಳಿಯುತ್ತಿದ್ದರೆ ಅದು ಕೊರೈಜಾ ಎಂಬ ಬ್ಯಾಕ್ಟೀರಿಯಾ ನೆಗಡಿಯಿರಬಹುದು. ಜುಟ್ಟಿನ ಮೇಲೆ, ಕಣ್ಣಿನ ಸುತ್ತ ಹಕ್ಕಳೆಗಟ್ಟಿದ ಗುಳ್ಳೆಗಳಿದ್ದರೆ ಸೊಳ್ಳೆಗಳು ಹರಡುವ ಕೋಳಿ ಸಿಡುಬು. ಜುಟ್ಟು ಬಿಳಿಚಿದ್ದರೆ ರಕ್ತಹೀನತೆ. ರೆಕ್ಕೆಯ ಅಡಿ ಬಿಡಿಸಿ ಹೇನು, ಉಣ್ಣಿ ಹುಡುಕಬೇಕು. ಜುಟ್ಟು ನೀಲಿಗಟ್ಟಿದ್ದರೆ ಉಸಿರಿಗೋ ರಕ್ತ ಸಂಚಾರಕ್ಕೋ ತೊಂದರೆಯಾಗಿದೆ.

3.2 ಉದರಮಂಕು: ಕೊರಳ ಬುಡದ ಮೇವುಚೀಲವನ್ನು ಬೆಳಗ್ಗೆ ಗೂಡು ತೆರೆಯುವ ಮುನ್ನ ಮುಟ್ಟಿ ನೋಡಬೇಕು. ರಾತ್ರಿಯಿಡೀ ಅರಗಿ ಅದು ಬರಿದಾಗಿರಬೇಕು. ಬೆಳಗ್ಗೆಯೂ ಗಟ್ಟಿಯಾಗಿದ್ದರೆ ಹುಲ್ಲೋ ದಾರವೋ ಕಟ್ಟಿಕೊಂಡಿದೆ. ಮೆತ್ತಗೆ ಜೋತು, ಬಾಯಿ ಹುಳಿನಾತ ಹೊಡೆದರೆ ಒಳಗೆ ಹುದುಗೆದ್ದಿದೆ. ಹ್ಯಾಟೆ ಮತ್ತೆ ಮತ್ತೆ ತಿಣುಕುತ್ತ, ನೆಟ್ಟಗೆ ನಿಂತು ನಡೆಯುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿರುವ ಸಂಭವವಿದೆ. ಬೆಚ್ಚನೆಯ ನೀರಿನಲ್ಲಿ ಹಿಂಭಾಗ ಮುಳುಗುವಂತೆ ಸ್ವಲ್ಪ ಹೊತ್ತು ಕೂರಿಸಿ, ಒರೆಸಿ, ಪೂರ್ತಿ ಒಣಗಿಸಬೇಕು. ಚಳಿಯಲ್ಲಿ ಒದ್ದೆ ಬಿಟ್ಟರೆ ಉಪಚಾರವೇ ಅಪಚಾರ.

3.3 ಅಧೋಮಂಕು: ಹಿಕ್ಕೆಯಲ್ಲಿ ರಕ್ತವಿದ್ದರೆ ಕಾಕ್ಸಿಡಿಯೋಸಿಸ್ ಎಂಬ ರಕ್ತಭೇದಿ, ಎಳೆಯ ಕೋಳಿಗಳಲ್ಲಿ, ಒದ್ದೆ ನೆಲದಲ್ಲಿ ಹೆಚ್ಚು. ಹಸಿರು ಭೇದಿ, ಬಾಯ್ದೆರೆದ ಉಸಿರು, ತಿರುಚಿದ ಕತ್ತು, ಸೋತ ಕಾಲು ಒಟ್ಟಿಗೆ ಕಂಡರೆ ಕೊಕ್ಕರೆ ರೋಗವೆಂದು ಶಂಕಿಸಬೇಕು. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಹಾಗೂ ಜಾವಾ ದ್ವೀಪದಲ್ಲಿ ಗುರುತಿಸಲಾದ ಈ ವೈರಸ್ ರೋಗ, ಅದರ ಬೆನ್ನಿಗೇ ಕುಮಾವೂನಿನ ರಾಣಿಖೇತದಲ್ಲಿ ಕಾಣಿಸಿಕೊಂಡು ಭಾರತದಲ್ಲಿ ಆ ಊರ ಹೆಸರನ್ನೇ ಹೊತ್ತಿತು.

3.4, 3.5: ಮಂಕಾದ ಕೋಳಿಯು ಮೇಲಿನ ಮೂರನ್ನೂ ಏಕಕಾಲಕ್ಕೆ ಪ್ರದರ್ಶಿಸಿ ವರ್ಗೀಕರಣವನ್ನು ನಿರಚನಗೊಳಿಸುವುದರಿಂದ ಉಳಿದೆರಡು ವರ್ಗಗಳನ್ನು ಕೈಬಿಡಲಾಗಿದೆ.

4. ಉಪಚಾರದ ವಿಧಿವಿಧಾನ

4.1 ಪ್ರತ್ಯೇಕೀಕರಣ: ಮೊದಲು ಮಾಡಬೇಕಾದದ್ದು ಕೋಳಿಯನ್ನು ಉಳಿದವುಗಳಿಂದ ಬೇರ್ಪಡಿಸುವುದು. ಕಾರಣ ಎರಡು: ರೋಗ ಹರಡದಿರಲಿ ಎಂಬುದು ಒಂದು, ದುರ್ಬಲವಾದದ್ದನ್ನು ಉಳಿದವು ಕುಕ್ಕಿ ಕೊಲ್ಲದಿರಲಿ ಎಂಬುದು ಇನ್ನೊಂದು. ಕುಕ್ಕುವುದರಲ್ಲೂ ಮೇಲು ಕೀಳಿನ ಸರಣಿಯಿದೆಯೆಂದು ನಾರ್ವೆಯ ಶೆಲ್ಡರಪ್ ಎಬ್ಬೆ 1920ರ ದಶಕದ ಆರಂಭದಲ್ಲಿ ಕೋಳಿಗಳನ್ನು ನೋಡಿಯೇ ನಿರೂಪಿಸಿದ. ವಿಚಾರ ಸಂಕಿರಣಗಳ ವೇದಿಕೆಯನ್ನು ನೋಡಿದ್ದರೂ ಅದೇ ತೀರ್ಮಾನಕ್ಕೆ ಬರುತ್ತಿದ್ದ. ಮಂಕಾದ ಕೋಳಿಯನ್ನು ಎಲ್ಲಕ್ಕಿಂತ ಕೊನೆಗೆ ಮುಟ್ಟಬೇಕು, ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು.

4.2 ಉಷ್ಣೋಪಚಾರ: ಬಿದಿರಿನ ಬುಟ್ಟಿಗೋ ರಟ್ಟಿನ ಪೆಟ್ಟಿಗೆಗೋ ಒಣಹುಲ್ಲು ಹಾಸಿ, ಮೂರು ಬದಿಗೆ ಗೋಣಿತಾಟು ಹೊದಿಸಿ, ಒಂದು ಬದಿ ಗಾಳಿಗೆ ಬಿಡಬೇಕು. ಮಲೆನಾಡಿನ ಮನೆಗಳಲ್ಲಿ ಇದಕ್ಕೆ ತಲೆತಲಾಂತರದಿಂದ ನಿಗದಿಯಾದ ಜಾಗ ಬಚ್ಚಲೊಲೆಯ ಪಕ್ಕ. ಹಂಡೆಯ ಕಾವು ರಾತ್ರಿ ಬಹಳ ಹೊತ್ತು ಆರುವುದಿಲ್ಲ. ಆದರೆ ಹಸಿ ಕಟ್ಟಿಗೆಯ ಹೊಗೆ ತಾಗಬಾರದು. ಹಕ್ಕಿಯ ಉಸಿರಾಟದ ವ್ಯವಸ್ಥೆ ಶ್ವಾಸಕೋಶದ ಆಚೆಗೂ ಗಾಳಿಚೀಲಗಳಾಗಿ ಮೈಯೊಳಗೆಲ್ಲ ಹಬ್ಬಿದೆ. ಮುಚ್ಚಿದ ಕೋಣೆಯಲ್ಲಿ ಕೆಂಡದ ಬಾಣಲೆ ಇಡುವುದಂತೂ ಕೋಳಿಗೂ ಮನುಷ್ಯರಿಗೂ ಪ್ರಾಣಾಪಾಯ. ಬಲ್ಬು ತೂಗುಹಾಕುವುದಾದರೆ 40 ಅಥವಾ 60 ವ್ಯಾಟಿನ ಹಳೆಯ ತಂತಿಬಲ್ಬೇ ಬೇಕು. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ; ಈ ಗುಣದಲ್ಲಿ ಅದು ವಿದ್ವತ್ತಿಗೆ ಸಮೀಪ. ಬಲ್ಬು ಹುಲ್ಲಿಗೆ ತಾಗದಂತೆ ಒಂದು ತುದಿಗಿರಲಿ. ಚಳಿಯಾದರೆ ಕೋಳಿ ಅದರ ಹತ್ತಿರ ಸರಿಯುತ್ತದೆ, ಸೆಕೆಯಾದರೆ ರೆಕ್ಕೆ ಅಗಲಿಸಿ, ಬಾಯ್ದೆರೆದು ದೂರ ಹೋಗುತ್ತದೆ. ಕೋಳಿಯೇ ಉಷ್ಣಮಾಪಕ.

4.3 ಜಲ ಮತ್ತು ಆಹಾರ: ಮೈ ತಣ್ಣಗಿರುವ ಕೋಳಿಗೆ ಮೊದಲು ಕಾವು, ಆಮೇಲೆ ನೀರು, ಆಮೇಲೆ ಕಾಳು. ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದೆರಡು ಚಮಚ ಬೆಲ್ಲ, ಚಿಟಿಕೆ ಉಪ್ಪು ಸಾಕು. ಕೊಕ್ಕು ಬಿಡಿಸಿ ಗಂಟಲಿಗೆ ಸುರಿಯಲೇಬಾರದು. ನಾಲಗೆಯ ಬುಡದ ಹಿಂದೆಯೇ ಶ್ವಾಸನಾಳದ ಬಾಯಿ ಇದೆ. ಅಕ್ಕರೆಯಿಂದ ಕುಡಿಸಿದ ನೀರು ಎದೆಗಿಳಿದು ಸತ್ತ ಕೋಳಿಗಳಿವೆ. ಕೊಕ್ಕಿನ ಅಂಚಿಗೆ ಹನಿ ಹನಿಯಾಗಿ ಒತ್ತಿದರೆ ಅದೇ ಚಪ್ಪರಿಸಿ ನುಂಗುತ್ತದೆ. ನೀರು ಇಳಿದ ಮೇಲೆ ಮೆತ್ತಗೆ ಬೇಯಿಸಿದ ನುಚ್ಚು, ಪುಡಿ ಮಾಡಿದ ಬೆಂದ ಮೊಟ್ಟೆ. ಕೋಳಿಗೆ ಮೊಟ್ಟೆ ತಿನ್ನಿಸುವ ನೈತಿಕ ಸಂದಿಗ್ಧವನ್ನು ತತ್ವಶಾಸ್ತ್ರ ವಿಭಾಗಕ್ಕೆ ಬಿಡಲಾಗಿದೆ. ಕೋಳಿಗೆ ಅಂಥ ಸಂದಿಗ್ಧವೇನೂ ಇಲ್ಲ. ಮೆಣಸಿನಕಾಯಿಯ ಖಾರ ಹಕ್ಕಿಗಳ ನಾಲಗೆಗೆ ತಾಗುವುದಿಲ್ಲವಾದ್ದರಿಂದ, ಖಾರ ತಿನ್ನಿಸಿದರೆ ಚುರುಕಾಗುತ್ತದೆಂಬ ನಂಬಿಕೆಯಿಂದ ಖರ್ಚಾಗುವುದು ಮೆಣಸಿನಕಾಯಿ ಮಾತ್ರ.

5. ಔಷಧ, ಲಸಿಕೆ ಮತ್ತು ಫಲಾನುಭವಿಯ ಸಮಸ್ಯೆ

ಕೊಕ್ಕರೆ ರೋಗ ವೈರಸ್ಸಿನದು. ಬಂದ ಮೇಲೆ ಔಷಧವಿಲ್ಲ, ಬರುವ ಮುನ್ನ ಲಸಿಕೆಯಿದೆ. ಮರಿಗೆ ಮೊದಲ ವಾರದಲ್ಲಿ ಲಸೋಟಾ ಅಥವಾ ಎಫ್ ತಳಿಯ ಹನಿ, ಎಂಟನೆಯ ವಾರದ ಆಸುಪಾಸು ಆರ್2ಬಿ ಚುಚ್ಚುಮದ್ದು. ಅಂಗಡಿಯಾತ ಕೊಡುವ ಆ್ಯಂಟಿಬಯಾಟಿಕ್ ಪುಡಿ ಈ ರೋಗಕ್ಕೆ ನಿರುಪಯೋಗಿ. ಮನುಷ್ಯರ ಕೊನೆಯ ಆಸರೆಯ ಔಷಧಗಳಲ್ಲೊಂದಾದ ಕೊಲಿಸ್ಟಿನ್ ಅನ್ನು ಕೋಳಿಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2019ರಲ್ಲೇ ನಿಷೇಧಿಸಿದೆ.

ಇಲ್ಲಿಯವರೆಗೆ ಎಲ್ಲವೂ ಶಾಸ್ತ್ರಸಮ್ಮತ. ತೊಂದರೆ ಎಂಟು ಕೋಳಿ ಇರುವ ಮನೆಗೆ ಈ ಶಾಸ್ತ್ರ ಬಂದಾಗ ಶುರುವಾಗುತ್ತದೆ. ಲಸಿಕೆಯ ಶೀಶೆ ಬರುವುದು ನೂರು, ಇನ್ನೂರು, ಸಾವಿರ ಡೋಸುಗಳ ಲೆಕ್ಕದಲ್ಲಿ. ಕಲಸಿದ ಮೇಲೆ ತಂಪಿನಲ್ಲಿಟ್ಟು ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಔಷಧದ ಪ್ರಮಾಣ ಬರೆದಿರುವುದು ಸಾವಿರ ಹಕ್ಕಿಗೆ ಇಷ್ಟು ಗ್ರಾಂ ಎಂದು. ಕರಪತ್ರ ಆರಂಭವಾಗುವುದು ಸಮಗ್ರ ಕುಕ್ಕುಟ ಮೌಲ್ಯ ಸರಪಣಿಯಿಂದ. ತರಬೇತಿ ಕಾರ್ಯಾಗಾರದಲ್ಲಿ ದೀಪ ಬೆಳಗುತ್ತದೆ, ಹಾರ ತುರಾಯಿಗಳಾಗುತ್ತವೆ, ಗಣ್ಯರು ಗ್ರಾಮೀಣ ಮಹಿಳೆಯ ಸಬಲೀಕರಣದ ಕುರಿತು ಮಾತಾಡುತ್ತಾರೆ. ಗ್ರಾಮೀಣ ಮಹಿಳೆ ಹಿಂದಿನ ಸಾಲಿನಲ್ಲಿ ಫಲಾನುಭವಿ ಎಂಬ ಹೆಸರಿನಲ್ಲಿ ಕೂತಿರುತ್ತಾಳೆ. ಕೊನೆಗೆ ಅವಳು ಎದ್ದು ‘ನಮ್ಮನೆ ಹ್ಯಾಟೆ ನಿನ್ನೆಯಿಂದ ತೂಕಡಿಸ್ತಾ ಇದೆ, ಏನ್ ಮಾಡ್ಲಿ?’ ಎಂದು ಕೇಳಿದರೆ, ಒಂದು ಕೋಳಿಯ ವಿಷಯವನ್ನು ಆಮೇಲೆ ನೋಡೋಣ ಎಂಬ ಉತ್ತರ ಬರುತ್ತದೆ. ಊಟಕ್ಕೆ ಹೊತ್ತಾಗಿದೆ. ಊಟಕ್ಕೆ ಕೋಳಿಸಾರು.

ಒಂದು ಕೋಳಿಯ ವಿಷಯವನ್ನು ಆಮೇಲೆ ನೋಡುವವರು ಯಾರೂ ಇಲ್ಲ. 31.7 ಕೋಟಿ ಎಂಬ ಅಂಕಿಯನ್ನು ಭಾಷಣಕ್ಕೆ ಬಳಸಿಕೊಳ್ಳುವವರಿಗೆ, ಆ ಅಂಕಿ ಆಗಿರುವುದೇ ಐದು, ಎಂಟು, ಹನ್ನೆರಡು ಕೋಳಿಗಳ ಹಿತ್ತಿಲುಗಳಿಂದ ಎಂಬುದು ಹೊಳೆಯುವುದಿಲ್ಲ. ಆ ಹ್ಯಾಟೆಯ ಮೊಟ್ಟೆ ಮಾರಿದ ದುಡ್ಡು ಹೆಂಗಸೊಬ್ಬಳು ಯಾರನ್ನೂ ಕೇಳದೆ ಖರ್ಚು ಮಾಡಬಹುದಾದ ದುಡ್ಡು. ಹಿಕ್ಕೆಯ ಬಣ್ಣ ನೋಡಿದವಳು ಅವಳು, ಮೇವುಚೀಲ ಮುಟ್ಟಿದವಳು ಅವಳು, ಒಲೆಗೆ ಇನ್ನೊಂದು ಕೊಳ್ಳಿ ನೂಕಲು ನಡುರಾತ್ರಿ ಎದ್ದವಳೂ ಅವಳೇ. ಇದಕ್ಕೆ ಜ್ಞಾನವೆಂಬ ಹೆಸರಿಲ್ಲ. ಬಲ್ಲವರು ಬಂದು ಅವಳ ಬಾಯಿಂದಲೇ ಕೇಳಿ ಬರೆದುಕೊಂಡು, ಜನಪದ ಪಶುವೈದ್ಯ ಪರಂಪರೆಯ ಮರುಶೋಧವೆಂದು ಪದವಿ ಪಡೆದ ಮೇಲೆ ಹೆಸರು ಬರುತ್ತದೆ. ಈ ಪ್ರಬಂಧವೂ ಆರಂಭದಿಂದ ‘ವ್ಯಾಪ್ತಿಗೆ ಹೊರತು’ ಎಂದು ಬದಿಗಿಟ್ಟದ್ದು ಅವಳನ್ನೇ. ಅವಳನ್ನು ಬಿಟ್ಟರೆ ಈ ವಿಷಯದಲ್ಲಿ ವ್ಯಾಪ್ತಿಯೊಳಗೆ ಉಳಿಯುವುದು ಬುಟ್ಟಿಯೊಂದೇ.

ಶೀಶೆಯ ಸಮಸ್ಯೆಗೆ ಸಿದ್ಧಾಂತ ಬೇಕಿಲ್ಲ. ಕೇರಿಯ ಹತ್ತು ಹನ್ನೆರಡು ಮನೆಯವರು ಮಾತಾಡಿಕೊಂಡು, ಒಂದು ದಿನ ಬೆಳಗ್ಗೆ ಗೂಡು ತೆರೆಯುವ ಮುನ್ನ ಎಲ್ಲ ಕೋಳಿಗಳನ್ನೂ ಹಿಡಿದಿಟ್ಟುಕೊಂಡರೆ ನೂರು ಡೋಸು ಅಲ್ಲೇ ಮುಗಿಯುತ್ತದೆ. ಮಂಕಾದ ಕೋಳಿಗೆ ಮಾತ್ರ ಆ ದಿನ ಲಸಿಕೆ ಬೇಡ. ಪಶುವೈದ್ಯರ ಸಂಚಾರಿ ಘಟಕಕ್ಕೆ ಕರೆಮಾಡುವ ಸಂಖ್ಯೆ 1962; ಒಂದು ಕೋಳಿಗೂ ಕರೆಮಾಡಲು ಸಂಕೋಚಪಡಬೇಕಾಗಿಲ್ಲ.

6. ಫಲಿತಾಂಶಗಳು

ಫಲಿತಾಂಶಗಳು ಎರಡು.

6.1 ಕೋಳಿ ಸಾಯುತ್ತದೆ. ಹಾಗಾದರೆ ಬಾವಿ, ತೊರೆಗಳಿಂದ ದೂರ, ನಾಯಿ ಕೆದಕದಷ್ಟು ಆಳದ ಗುಂಡಿ ತೆಗೆದು, ಸುಣ್ಣ ಹಾಕಿ ಹೂಳಬೇಕು. ಹಾಸಿದ ಹುಲ್ಲನ್ನು ಸುಡಬೇಕು. ತೋಟದ ಬೇಲಿಯಾಚೆಗೆ ಎಸೆಯುವುದು ರೋಗವನ್ನು ಪಕ್ಕದ ಮನೆಗೆ ಕಳಿಸಿದಂತೆ. ಒಂದರ ಹಿಂದೊಂದು ಕೋಳಿಗಳು ದಿಢೀರನೆ ಸಾಯತೊಡಗಿದರೆ ಸತ್ತವನ್ನು ಬರಿಗೈಯಲ್ಲಿ ಮುಟ್ಟದೆ ಪಶುಪಾಲನಾ ಇಲಾಖೆಗೆ ತಿಳಿಸಬೇಕು. 2012ರಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲೇ ಹಕ್ಕಿಜ್ವರ ಕಾಣಿಸಿಕೊಂಡಿತ್ತು. ಅದು ದೂರದೇಶದ ಸುದ್ದಿಯಲ್ಲ.

6.2 ಕೋಳಿ ಬದುಕುತ್ತದೆ. ಕಣ್ಣು ಪೂರ್ತಿ ತೆರೆದು, ಗರಿ ಮೈಗಂಟಿ, ಹಿಕ್ಕೆ ಗಟ್ಟಿಯಾಗಿ, ಬುಟ್ಟಿಯಲ್ಲಿಟ್ಟವರ ಕೈಗೇ ಕುಕ್ಕಿದರೆ ಚೇತರಿಕೆಯೆಂದು ತಿಳಿಯಬಹುದು. ಕಾವಿನಿಂದ ಒಮ್ಮೆಗೇ ಇಬ್ಬನಿಗೆ ಬಿಡದೆ, ಮೊದಲು ಹಗಲು ಬಿಸಿಲಲ್ಲಿ ಮಾತ್ರ ಬಿಟ್ಟು ಅಭ್ಯಾಸ ಮಾಡಿಸಬೇಕು. ಗುಂಪಿಗೆ ಮರಳಿಸುವುದು ಕತ್ತಲಾದ ಮೇಲೆ, ಉಳಿದವು ಅಡ್ಡಗೋಲೇರಿ ತೂಕಡಿಸುವಾಗ. ಕತ್ತಲಲ್ಲಿ ಕೋಳಿಗಳಿಗೆ ಕಣ್ಣು ಸಾಲದು, ಜಗಳ ಹೂಡುವುದಿಲ್ಲ. ಔಷಧ ಕೊಟ್ಟಿದ್ದರೆ ಚೀಟಿಯಲ್ಲಿ ಹೇಳಿದಷ್ಟು ದಿನ ಅದರ ಮೊಟ್ಟೆ ತಿನ್ನಬಾರದು. ಮೊಟ್ಟೆ ಇಡದಿದ್ದರೂ ಗಾಬರಿ ಬೇಡ. ಚೆನ್ನಾಗಿ ಇಡಲು ಹ್ಯಾಟೆಗೆ ದಿನಕ್ಕೆ ಹದಿನಾಲ್ಕು ಗಂಟೆಗೂ ಮಿಕ್ಕ ಬೆಳಕು ಬೇಕು. ಧನುರ್ಮಾಸದ ಹಗಲು ಹನ್ನೊಂದೂವರೆ ಗಂಟೆಯನ್ನೂ ಸರಿಯಾಗಿ ಮುಟ್ಟುವುದಿಲ್ಲ.

7. ಉಪಸಂಹಾರ

ಈ ವಿಷಯದಲ್ಲಿ ಮುಂದಿನ ಸಂಶೋಧನೆಗೆ ವಿಪುಲ ಅವಕಾಶಗಳಿವೆ. ಅವುಗಳಲ್ಲಿ ಹೆಚ್ಚಿನವು ರಾತ್ರಿ ಎರಡಕ್ಕೂ ಬೆಳಗಿನ ಐದಕ್ಕೂ ನಡುವೆ, ಬಚ್ಚಲಮನೆಯಲ್ಲಿ, ಕರೆಂಟು ಹೋದಾಗ ದೊರೆಯುತ್ತವೆ. ಆಸಕ್ತ ಸಂಶೋಧಕರು ಕಟ್ಟಿಗೆ ತಾವೇ ತರತಕ್ಕದ್ದು.