ಪಾಸ್‌ವರ್ಡ್ ಏನದ ರೀ?

ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಮನೆ ಮಾಡಿದವರಿಗೆ ನೆಂಟರ ಬರ ಇರುವುದಿಲ್ಲ. ರೈಲು ತಡವಾದರೆ ಸಾಕು, ದೂರದ ಬೀಗರೂ ಹತ್ತಿರದವರಾಗುತ್ತಾರೆ. ಕಮಲಾಪುರದವರು ಬಂದರೆ ಕೈಯಲ್ಲಿ ಕೆಂಪು ಬಾಳೆಹಣ್ಣು, ಬಾಯಲ್ಲಿ “ಪಾಸ್‌ವರ್ಡ್ ಏನದ ರೀ?” ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಹಣ್ಣನ್ನು ತಿಂದ ಮೇಲೆ ಇಲ್ಲ ಅನ್ನಲು ನಾಲಿಗೆ ಹೇಗೆ ಹೊರಳೀತು?

ಕೇಳಬೇಕಾದ ಅಗತ್ಯವೂ ಇರಲಿಲ್ಲ. ವೈಫೈ ರೌಟರ್ ಕೂಡಿಸಿದ ಹುಡುಗ “ನೆನಪಿರ್ತದ ನೋಡ್ರಿ ಕಾಕಾ” ಎಂದು ನನ್ನ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿ ಹೋಗಿದ್ದ. ಆ ನಂಬರು ಮಗಳ ಮದುವೆಯ ಲಗ್ನಪತ್ರಿಕೆಯಲ್ಲೇ ಅಚ್ಚಾಗಿ ಊರೆಲ್ಲ ಹಂಚಿಹೋಗಿತ್ತು.

ನಮ್ಮದು ಹಳೆಯ ಕಲ್ಲಿನ ಮನೆ. ದಪ್ಪ ಗೋಡೆ ದಾಟಲು ವೈಫೈ ಅಲೆಗಳು ತಿಣುಕುತ್ತವೆ; ವೇಗದ 5 ಗಿಗಾಹರ್ಟ್ಸ್‌ನದಂತೂ ಬೇಗ ಸೋಲುತ್ತದೆ. ರೌಟರ್ ಬೀದಿ ಕಡೆಯ ಕಿಟಕಿಯಲ್ಲಿತ್ತು. ಹೀಗಾಗಿ ಅಡುಗೆಮನೆಯಲ್ಲಿ ಒಂದು ಕಡ್ಡಿಯೂ ಕಾಣದು, ಎದುರಿನ ಚಹಾದಂಗಡಿಯ ಬೆಂಚಿಗೆ ಪೂರ್ತಿ ಸಿಗ್ನಲ್. ಅಲ್ಲಿ ಸುಸಲಾ, ಮಿರ್ಚಿ ತಿನ್ನುತ್ತ ಕ್ರಿಕೆಟ್ ನೋಡುವವನೊಬ್ಬ ಒಂದು ದಿನ ಬಾಗಿಲಿಗೇ ಬಂದ: “ಕಾಕಾ, ನಿಮ್ಮ ವೈಫೈ ಇವತ್ತ ಭಾಳ ಸ್ಲೋ ಅದ. ಕಂಪನಿಗೆ ಒಂದು ಫೋನ್ ಹಚ್ಚರಿ!”

ಉದಾರತೆ ಒಳ್ಳೆಯದೇ. ಆದರೆ 2008ರ ಜುಲೈಯಲ್ಲಿ ಅಹಮದಾಬಾದ್ ಸ್ಫೋಟದ ಬೆದರಿಕೆ ಇ-ಮೇಲ್ ಹೋದದ್ದು ನವಿ ಮುಂಬೈಯ ಒಂದು ಮನೆಯ ಭದ್ರತೆಯಿಲ್ಲದ ವೈಫೈಯಿಂದ. ಪೊಲೀಸರು ಮೊದಲು ತಟ್ಟಿದ್ದು ಆ ಮನೆಯವರ ಬಾಗಿಲನ್ನೇ. ನಮಗೋ ಠಾಣೆ ಇಲ್ಲೇ ಇದೆ. ಅವರಿಗೆ ಜೀಪೂ ಬೇಡ.

ತವರಿಗೆ ಬಂದ ಮಗಳು ಇದನ್ನೆಲ್ಲ ಹೇಳಿ ಸೆರಗು ಬಿಗಿದು ಕೂತಳು. 192.168.1.1 ಎಂದು ಒತ್ತಿ ರೌಟರಿನ ಒಳಹೊಕ್ಕಳು. ಅಲ್ಲಿ ಬಳಕೆದಾರನ ಹೆಸರೂ ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್! ಮೊದಲು ಅದಕ್ಕೆ ಮುಕ್ತಿ. 2001ರಲ್ಲೇ ಪೊಳ್ಳೆಂದು ಬಯಲಾದ ಡಬ್ಲ್ಯುಇಪಿ ಎಂಬ ಹಳೆಯ ಭದ್ರತಾ ಪದ್ಧತಿ ಬೇಡ, 2018ರ ಡಬ್ಲ್ಯುಪಿಎ3 ಇದ್ದರೆ ಅದು, ಇಲ್ಲವಾದರೆ ಡಬ್ಲ್ಯುಪಿಎ2. ಗುಂಡಿ ಒತ್ತಿದರೆ ಕೂಡಿಸುವ ಡಬ್ಲ್ಯುಪಿಎಸ್ ಬಂದ್. ರೌಟರಿನ ತಂತ್ರಾಂಶ ಅಪ್‌ಡೇಟ್.

ಹೊಸ ಪಾಸ್‌ವರ್ಡ್ 8ರಿಂದ 63 ಅಕ್ಷರದ್ದು ಇರಬಹುದು, ಉದ್ದವಿದ್ದಷ್ಟೂ ಭದ್ರ. ನನ್ನಾಕೆ “ಶರಣಬಸವೇಶ್ವರ ಅಂತ ಇಡು” ಎಂದಳು. “ಅವ್ವಾ, ಕಲಬುರಗಿ ಒಳಗ ಕಳ್ಳನೂ ಮೊದಲು ಅದೇ ಹೆಸರು ತಗೋತಾನ!” ಎಂದಳು ಮಗಳು. ಕೊನೆಗೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಕೂಡಿಸಿದೆವು. ಯಾವುವೆಂದು ಇಲ್ಲಿ ಹೇಳಲಾರೆ.

ನೆಂಟರ ಗತಿ? ಅದಕ್ಕೆ ಗೆಸ್ಟ್ ನೆಟ್‌ವರ್ಕ್. ಬಂದವರು ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತಾರೆ, ದೇವರಮನೆಗೂ ತಿಜೋರಿಗೂ ಹೋಗುವುದಿಲ್ಲವಲ್ಲ, ಹಾಗೆ. ಅವರಿಗೆ ಇಂಟರ್ನೆಟ್ ಸಿಗುತ್ತದೆ. ನಮ್ಮ ಕಂಪ್ಯೂಟರು, ಪ್ರಿಂಟರು ಕಾಣುವುದಿಲ್ಲ. ಸಂಬಂಧವೂ ಉಳಿಯಿತು, ಭದ್ರತೆಯೂ.

ನಿಮ್ಮ ರೌಟರಿನಲ್ಲೂ ಈ ಸೌಲಭ್ಯ ಇದ್ದೀತು, ಇವತ್ತೇ ಹುಡುಕಿರಿ. ಮೊಬೈಲ್ ನಂಬರು ಲಗ್ನಪತ್ರಿಕೆಗೆ ಇರಲಿ. ಪಾಸ್‌ವರ್ಡಿನ ಹುದ್ದೆಯಿಂದ ಅದಕ್ಕೆ ನಿವೃತ್ತಿ ಕೊಡಿರಿ.